ಪುರಾಣದ ಪುಸ್ತಕದಲ್ಲಿನ ಚಿತ್ರ: ಹೇಗೆ ಅಚ್ಚಾಯಿತು, ಏಕೆ ಹಾಗೆ ಕಾಣುತ್ತದೆ

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಹಳೆಯ ಮನೆಗಳ ದೇವರ ಕೋಣೆಯಲ್ಲಿ ಪುರಾಣದ ಪುಸ್ತಕವೊಂದು ಇದ್ದೇ ಇರುತ್ತದೆ. ಬಸವ ಪುರಾಣವೋ, ಪ್ರಭುಲಿಂಗಲೀಲೆಯೋ, ಜೈಮಿನಿ ಭಾರತವೋ, ಶನಿ ಮಹಾತ್ಮೆಯೋ, ನಾಯಕನಹಟ್ಟಿ ಜಾತ್ರೆಯಲ್ಲಿ ಕೊಂಡು ತಂದ ತಿಪ್ಪೇರುದ್ರಸ್ವಾಮಿಯ ಚರಿತ್ರೆಯೋ. ಶ್ರಾವಣ ಬಂತೆಂದರೆ ಸುತ್ತಿದ ಬಟ್ಟೆ ಬಿಚ್ಚಿ ಹೊರಗೆ ತೆಗೆಯುತ್ತಾರೆ, ಓದಿಸುತ್ತಾರೆ, ಮಂಗಳ ಮುಗಿದ ಮೇಲೆ ಮತ್ತೆ ಸುತ್ತಿಡುತ್ತಾರೆ. ಮೊದಲ ಹಾಳೆಯಲ್ಲಿ ಒಂದು ಚಿತ್ರ. ಅದರ ಮೇಲೆ ಹಲವು ವರ್ಷಗಳ ಕುಂಕುಮ.

ಈ ಪುಸ್ತಕಗಳ ಪಠ್ಯದ ಬಗ್ಗೆ ವಿದ್ವಾಂಸರು ಬೇಕಾದಷ್ಟು ಕೆಲಸ ಮಾಡಿದ್ದಾರೆ. ಪಾಠಾಂತರ ಹುಡುಕಿದ್ದಾರೆ, ಛಂದಸ್ಸು ಬಿಡಿಸಿದ್ದಾರೆ. ಚಿತ್ರವನ್ನು ವಿಚಾರಿಸಿದವರು ಕಡಿಮೆ. ಹೊಸ ಮುದ್ರಣ ಬಂದಾಗ ಮೊದಲು ಹೋಗುವುದು ಹಳೆಯ ಚಿತ್ರವೇ. ಅದರ ಜಾಗಕ್ಕೆ ಇಂಟರ್ನೆಟ್ಟಿನಿಂದ ಇಳಿಸಿದ ಹೊಳೆಯುವ ಚಿತ್ರ ಬಂದು ಕೂರುತ್ತದೆ. ಇದು ನಿಜವಾದ ನಷ್ಟ. ದೇವರು ಅಥವಾ ಶರಣರು ಹೇಗೆ ಕಾಣಬೇಕು ಎಂದು ಒಂದು ಊರು, ಒಂದು ಕಾಲ, ಒಂದು ಸಮುದಾಯ ತೀರ್ಮಾನಿಸಿದ್ದಕ್ಕೆ ಉಳಿದಿರುವ ಸಾಕ್ಷಿ ಆ ಹಾಳೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಅಚ್ಚಿನ ಕೆಲಸ ಗೊತ್ತಿರಬೇಕು. ಚಿತ್ರಕಾರನ ಭಕ್ತಿ ಎಷ್ಟೇ ದೊಡ್ಡದಿರಲಿ, ಕಲ್ಲು, ಸತು, ಕಾಗದ ಇವು ಎಷ್ಟಕ್ಕೆ ಒಪ್ಪುತ್ತವೋ ಅಷ್ಟೇ ಹಾಳೆಯ ಮೇಲೆ ಮೂಡುತ್ತದೆ.

ಓಲೆಗರಿಯಲ್ಲಿ ಚಿತ್ರ ಏಕೆ ಕಡಿಮೆ

ಕನ್ನಡದ ಓಲೆಗರಿ ಕಟ್ಟುಗಳಲ್ಲಿ ಚಿತ್ರ ಅಪರೂಪ. ಕಾರಣ ಗರಿಯಲ್ಲೇ ಇದೆ. ಗರಿಯ ಅಗಲ ಸಾಮಾನ್ಯವಾಗಿ 3ರಿಂದ 6 ಸೆಂಟಿಮೀಟರ್, ಉದ್ದ ಅದರ ಹತ್ತರಷ್ಟು. ನಡುವೆ ದಾರ ಪೋಣಿಸುವ ತೂತು. ಕಬ್ಬಿಣದ ಕಂಠದಿಂದ, ಅಂದರೆ ಚೂಪು ಮೊನೆಯ ಲೇಖನಿಯಿಂದ ಕೊರೆದು, ಮೇಲೆ ಕಾಡಿಗೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಮಸಿ ನಿಂತು ಅಕ್ಷರ ಕಾಣುತ್ತದೆ. ಗರಿಯ ನಾರು ಉದ್ದಕ್ಕೆ ಓಡುತ್ತದೆ. ಅದೇ ದಿಕ್ಕಿಗೆ ನೇರ ಗೆರೆ ಎಳೆದರೆ ನಾರು ಸೀಳುತ್ತದೆ. ಬಣ್ಣ ಹಚ್ಚಲು ಹೋದರೆ ಗರಿಯ ಮೇಲ್ಮೈ ನುಣುಪು, ಬಣ್ಣ ಕಚ್ಚಿ ಹಿಡಿಯುವುದಿಲ್ಲ. ಕಟ್ಟು ಬಿಚ್ಚಿ ಕಟ್ಟುವಾಗ ಗರಿಗೆ ಗರಿ ಉಜ್ಜಿ ಪುಡಿಯಾಗಿ ಉದುರುತ್ತದೆ. ಮೂಡಬಿದಿರೆಯ ಜೈನ ಮಠದಲ್ಲಿರುವ ಷಟ್ಖಂಡಾಗಮ ಎಂಬ ಜೈನ ಗ್ರಂಥದ ವ್ಯಾಖ್ಯಾನವಾದ ಧವಳದ ಪ್ರತಿಗಳು ದೊಡ್ಡ ಅಪವಾದ. 12ನೇ ಶತಮಾನದ ಆ ಪ್ರತಿಗಳನ್ನು ಕೊರೆಯದೆ ಶಾಯಿಯಲ್ಲಿ ಬರೆದಿದ್ದಾರೆ, ಬಣ್ಣದ ಚಿತ್ರಗಳೂ ಇವೆ. ಅಂಥದ್ದನ್ನು ಮಾಡಿಸಲು ಶ್ರೀಮಂತ ದಾನಿ ಬೇಕಿತ್ತು.

ಹಾಗಾಗಿ ನಮ್ಮ ಸೀಮೆಯ ಜನ ಪುರಾಣವನ್ನು ಕಣ್ಣಿಂದ ಕಂಡದ್ದು ಬೇರೆ ಕಡೆ: ಗುಡಿಯ ಕಂಬದಲ್ಲಿ, ತೇರಿನ ಗಾಲಿಯ ಮೇಲಿನ ಕೆತ್ತನೆಯಲ್ಲಿ, ತೊಗಲುಗೊಂಬೆಯ ಪರದೆಯಲ್ಲಿ. ಪುಸ್ತಕ ಕೇಳುವುದಕ್ಕೆ, ಗುಡಿ ನೋಡುವುದಕ್ಕೆ. ಶಿಲ್ಪಿಗೆ ಆಧಾರ ಧ್ಯಾನಶ್ಲೋಕ: ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಮೈಬಣ್ಣ ಯಾವುದು, ವಾಹನ ಯಾವುದು ಎಂದು ಶ್ಲೋಕವೇ ಹೇಳಿಬಿಡುತ್ತದೆ. ಈ ವಿಧಿಗಳನ್ನು ಚಿತ್ರಸಮೇತ ಒಂದೆಡೆ ಸೇರಿಸಿದ ಮಹಾಕಾರ್ಯ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ನಡೆದ ಶ್ರೀತತ್ತ್ವನಿಧಿ, ಒಂಬತ್ತು ನಿಧಿಗಳ, ಅಂದರೆ ಭಾಗಗಳ ಗ್ರಂಥ. ಅದು ಅರಮನೆಯ ಹಸ್ತಪ್ರತಿ. ಚಳ್ಳಕೆರೆಯ ರೈತನ ಮನೆಗೆ ದೇವರ ಚಿತ್ರ ಬರಲು ಅಚ್ಚಿನ ಯಂತ್ರವೇ ಬರಬೇಕಾಯಿತು.

ಕಲ್ಲಚ್ಚು ಕನ್ನಡಕ್ಕೆ ಒಗ್ಗಿದ್ದಕ್ಕೆ ಕಾರಣ

ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಪ್ರೆಸ್ ಆರಂಭವಾದದ್ದು 1841ರಲ್ಲಿ, ಕಲ್ಲಚ್ಚಿನಿಂದ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಅಚ್ಚಾದದ್ದೂ ಕಲ್ಲಿನ ಮೇಲೆಯೇ. ಮರುವರ್ಷ ಅದು ಬಳ್ಳಾರಿಗೆ ಹೋಗಿದ್ದು ಅಲ್ಲಿ ಮೊಳೆ ಅಚ್ಚು (ಲೋಹದ ಬಿಡಿ ಅಕ್ಷರಗಳನ್ನು ಜೋಡಿಸುವ ಅಚ್ಚು) ಇತ್ತೆಂಬ ಕಾರಣಕ್ಕೆ. ಬಳ್ಳಾರಿಯಲ್ಲಿ ಲಂಡನ್ ಮಿಶನ್‌ನವರು ಅಷ್ಟರಲ್ಲಾಗಲೇ ಕನ್ನಡ ಬೈಬಲ್ ಅಚ್ಚು ಮಾಡಿದ್ದರು. ಮುದ್ರಿತ ಕನ್ನಡ ಧರ್ಮಗ್ರಂಥ ಚಿತ್ರದುರ್ಗಕ್ಕೆ ಇಷ್ಟು ಹತ್ತಿರದಲ್ಲಿ, ಇಷ್ಟು ಬೇಗ ಹುಟ್ಟಿತ್ತು ಎಂಬುದು ನಮ್ಮ ಕಡೆಯವರಿಗೇ ಅಷ್ಟಾಗಿ ನೆನಪಿಲ್ಲ.

ಕಲ್ಲಚ್ಚಿನ ತತ್ತ್ವ ಒಂದೇ: ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಬವೇರಿಯಾದ ಜೋಲ್ನ್‌ಹೋಫೆನ್‌ನಿಂದ ಬರುತ್ತಿದ್ದ ನಯವಾದ ಸುಣ್ಣಕಲ್ಲನ್ನು ಮರಳು, ನೀರು ಹಾಕಿ ಉಜ್ಜಿ ಸಮ ಮಾಡುತ್ತಾರೆ. ಅದರ ಮೇಲೆ ಜಿಡ್ಡಿನ ಬಳಪ ಅಥವಾ ಜಿಡ್ಡಿನ ಶಾಯಿಯಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ. ಗೋಂದಿನ ನೀರಿಗೆ ಸ್ವಲ್ಪ ನೈಟ್ರಿಕ್ ಆಸಿಡ್ ಬೆರೆಸಿ ಮೇಲೆ ಹರಡಿದರೆ ಜಿಡ್ಡಿಲ್ಲದ ಜಾಗ ನೀರು ಹಿಡಿಯುವ ಗುಣ ಪಡೆಯುತ್ತದೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಶಾಯಿಯ ರೋಲರ್ ಉರುಳಿಸಿದರೆ ಶಾಯಿ ಜಿಡ್ಡಿನ ಗೆರೆಗೆ ಮಾತ್ರ ಹತ್ತುತ್ತದೆ. ಕಾಗದ ಇಟ್ಟು ಒತ್ತಿದರೆ ಚಿತ್ರ ಸರಿದಿಕ್ಕಿಗೆ ಮೂಡುತ್ತದೆ. ನೀರು ಕಡಿಮೆಯಾದರೆ ಶಾಯಿ ಎಲ್ಲೆಡೆ ಹರಡಿ ಹಾಳೆಗೆ ಬೂದು ಮಬ್ಬು ಕವಿಯುತ್ತದೆ. ಆಸಿಡ್ ಹೆಚ್ಚಾದರೆ ಸಣ್ಣ ಗೆರೆಗಳೇ ತಿಂದುಹೋಗುತ್ತವೆ. ಹಳೆಯ ಕಲ್ಲಚ್ಚಿನ ಪುಸ್ತಕದಲ್ಲಿ ಕಣ್ಣಿನ ರೆಪ್ಪೆ, ಜಡೆಯ ಎಳೆ ಮಾಯವಾಗಿದ್ದರೆ ಬರೆದವನ ಕೈ ಸರಿಯಿಲ್ಲ ಎಂದು ತೀರ್ಮಾನಿಸಬೇಡಿ, ಆಸಿಡ್ ಕೂಡ ಅದನ್ನು ಮಾಡುತ್ತದೆ.

ಕನ್ನಡಕ್ಕೆ ಕಲ್ಲಚ್ಚು ಹೊಂದಿಕೊಂಡದ್ದು ಒತ್ತಕ್ಷರಗಳಿಂದ. ಒತ್ತು, ದೀರ್ಘ, ಕೊಂಬು ಎಲ್ಲಕ್ಕೂ ಬೇರೆ ಬೇರೆ ಮೊಳೆ ಎರಕ ಹೊಯ್ಯಬೇಕು. ಅದಕ್ಕೆ ಬಂಡವಾಳ ಬೇಕು. ಕಲ್ಲಿನ ಮೇಲಾದರೆ ಒಳ್ಳೆಯ ಕೈಬರಹದವನು ಸಾಕು, ಚಿತ್ರವೂ ಅಕ್ಷರವೂ ಒಂದೇ ಕಲ್ಲಿನಲ್ಲಿ ಬರುತ್ತವೆ. ಹಾಗಾಗಿಯೇ ಆ ಕಾಲದ ಪುಸ್ತಕದಲ್ಲಿ ಚಿತ್ರಕ್ಕೂ ಬರಹಕ್ಕೂ ಗೆರೆಯ ದಪ್ಪ ಒಂದೇ ತರಹ ಕಾಣುತ್ತದೆ. ಉರ್ದು ಧಾರ್ಮಿಕ ಪುಸ್ತಕಗಳು ಇದೇ ದಾರಿಯಲ್ಲಿ ಇನ್ನೂ ಬಹುದೂರ ನಡೆದವು. ನಸ್ತಾಲೀಕ್ ಲಿಪಿಯ ಇಳಿಜಾರು ಜೋಡಣೆ ಮೊಳೆಗೆ ಒಗ್ಗದ ಕಾರಣ, ಕಂಪ್ಯೂಟರ್ ಬರುವವರೆಗೂ ಕಾತಿಬರು, ಅಂದರೆ ಲಿಪಿಕಾರರು, ಕೈಯಲ್ಲಿ ಬರೆದು ಅದನ್ನೇ ಅಚ್ಚಿಗೆ ಇಳಿಸುತ್ತಿದ್ದರು. ಆ ಪುಸ್ತಕಗಳಲ್ಲಿ ಮನುಷ್ಯಾಕೃತಿ ಇರುವುದಿಲ್ಲ. ಕಲಾವಿದನ ಕೈಚಳಕವೆಲ್ಲ ಅಂಚಿನ ಬಳ್ಳಿಗೆ, ಅಕ್ಷರದ ತಿರುವಿಗೆ ಹೋಗುತ್ತದೆ.

ಬಣ್ಣದ ಕಲ್ಲಚ್ಚಿಗೆ ಬಣ್ಣಕ್ಕೊಂದು ಕಲ್ಲು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ, ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋದ ಪ್ರೆಸ್ಸಿನ ಲಕ್ಷ್ಮಿ, ಸರಸ್ವತಿಯರು ಹೀಗೆ ತಯಾರಾದವರು. ಒಂದೇ ಹಾಳೆ ಮತ್ತೆ ಮತ್ತೆ ಪ್ರೆಸ್ಸಿಗೆ ಹೋಗಬೇಕು, ಪ್ರತಿ ಸಲವೂ ಕೂದಲೆಳೆಯಷ್ಟೂ ಸರಿಯದಂತೆ ಕೂರಬೇಕು. ಆ ಚಿತ್ರಗಳು ತಂದ ಸಾಮಾಜಿಕ ಬದಲಾವಣೆ ಕಲೆಯ ಚರ್ಚೆಗಿಂತ ದೊಡ್ಡದು. ಗರ್ಭಗುಡಿಯ ಹತ್ತಿರಕ್ಕೂ ಬಿಡದ ಜಾತಿಗಳವರು ಆ ದೇವರನ್ನು ತಮ್ಮ ಗೋಡೆಯ ಮೇಲೆ, ತಮ್ಮ ಪುಸ್ತಕದ ಮೊದಲ ಹಾಳೆಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ಇಟ್ಟುಕೊಂಡರು, ಮುಟ್ಟಿದರು, ಕುಂಕುಮ ಹಚ್ಚಿದರು.

ಬ್ಲಾಕಿನ ಕಾಲ

ನಮ್ಮ ಮನೆಗಳಲ್ಲಿ ಉಳಿದಿರುವ ಹೆಚ್ಚಿನ ಪುರಾಣದ ಪುಸ್ತಕಗಳು ಮೊಳೆ ಜೋಡಿಸಿ ಅಚ್ಚು ಹಾಕಿದ ಕಾಲದವು, ಅವುಗಳ ಚಿತ್ರ ಬ್ಲಾಕಿನಿಂದ ಬಂದದ್ದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗೆರೆಚಿತ್ರಕ್ಕೆ ಲೈನ್ ಬ್ಲಾಕ್. ಚಿತ್ರದ ಫೋಟೊ ತೆಗೆದು ಅದನ್ನು ಬೆಳಕಿಗೆ ಗಟ್ಟಿಯಾಗುವ ಲೇಪನವಿರುವ ಸತುವಿನ ತಗಡಿಗೆ ಇಳಿಸುತ್ತಾರೆ. ಗೆರೆಯ ಜಾಗ ಗಟ್ಟಿಯಾಗಿ ಉಳಿಯುತ್ತದೆ, ಉಳಿದದ್ದನ್ನು ನೈಟ್ರಿಕ್ ಆಸಿಡ್ ತಿನ್ನುತ್ತದೆ. ಆ ತಗಡನ್ನು ಮರದ ಹಲಗೆಗೆ ಸಣ್ಣ ಮೊಳೆ ಹೊಡೆದು ಕೂರಿಸಿ, ಅಕ್ಷರದ ಮೊಳೆಯ ಎತ್ತರಕ್ಕೆ, ಅಂದರೆ 0.918 ಇಂಚಿಗೆ ತರುತ್ತಾರೆ. ಎತ್ತರ ಸ್ವಲ್ಪ ಕಡಿಮೆಯಾದರೂ ಚಿತ್ರ ಮಾಸಲು. ಹೆಚ್ಚಾದರೆ ಬ್ಲಾಕಿನ ಅಂಚು ಕಾಗದವನ್ನು ಕಡಿಯುತ್ತದೆ, ಸುತ್ತಲಿನ ಅಕ್ಷರ ಮಾಸುತ್ತದೆ. ಕಡಿಮೆಯಾದಾಗ ಅಡಿಗೆ ತೆಳು ಕಾಗದದ ತುಂಡು ಹಚ್ಚಿ ಸರಿಮಾಡುತ್ತಿದ್ದರು. ಅದಕ್ಕೆ ಒಂದು ಗಂಟೆ ಕೊಡುವ ಮುದ್ರಕನ ಕೆಲಸಕ್ಕೂ ಕೊಡದವನ ಕೆಲಸಕ್ಕೂ ಇರುವ ವ್ಯತ್ಯಾಸ ಇವತ್ತಿಗೂ ಹಾಳೆಯ ಮೇಲೆ ಕಾಣುತ್ತದೆ.

ಫೋಟೊದಂತೆ ನೆರಳು ಬೆಳಕು ಬೇಕಾದರೆ ಹಾಫ್‌ಟೋನ್ ಬ್ಲಾಕ್. ಅದರಲ್ಲಿ ಚಿತ್ರವೆಲ್ಲ ಚುಕ್ಕಿಗಳಾಗುತ್ತದೆ: ಕಪ್ಪಿನ ಜಾಗದಲ್ಲಿ ದೊಡ್ಡ ಚುಕ್ಕಿ, ಬೆಳಕಿನ ಜಾಗದಲ್ಲಿ ಸಣ್ಣದು. ಒಂದು ಇಂಚಿಗೆ ಎಷ್ಟು ಸಾಲು ಚುಕ್ಕಿ ಎಂಬುದೇ ಸ್ಕ್ರೀನ್. ನ್ಯೂಸ್‌ಪ್ರಿಂಟಿಗೆ 65, ನಯವಾದ ಸಾಮಾನ್ಯ ಕಾಗದಕ್ಕೆ 85ರಿಂದ 100, ಆರ್ಟ್ ಪೇಪರಿಗೆ 120ರಿಂದ 150. 133 ಸ್ಕ್ರೀನಿನ ಬ್ಲಾಕನ್ನು ಒರಟು ಕಾಗದದಲ್ಲಿ ಹೊಡೆದರೆ ಚುಕ್ಕಿಗಳ ಸಂದು ಮುಚ್ಚಿಹೋಗಿ ಸ್ವಾಮಿಗಳ ಮುಖ ಒಂದು ಕಪ್ಪು ಮಚ್ಚೆಯಾಗುತ್ತದೆ. ಹಳೆಯ ಪುಸ್ತಕಗಳಲ್ಲಿ ಇಂಥ ಮುಖಗಳು ಎಷ್ಟೋ ಇವೆ. ಚಿತ್ರ ಹಳೆಯದಾದ್ದರಿಂದ ಮಾಸಿತು ಎಂದು ನಾವು ಅಂದುಕೊಳ್ಳುತ್ತೇವೆ. ಅಚ್ಚಾದ ದಿನವೇ ಅದು ಹಾಗಿತ್ತು.

ಈ ಒಂದು ತೊಂದರೆಯಿಂದಲೇ ಪುಸ್ತಕದ ರೂಪ ಬದಲಾಯಿತು. ಪಠ್ಯಕ್ಕೆ ಅಗ್ಗದ ಕಾಗದ, ಚಿತ್ರಕ್ಕೆ ಆರ್ಟ್ ಪೇಪರ್. ಎರಡನ್ನೂ ಒಟ್ಟಿಗೆ ಅಚ್ಚು ಹಾಕಲಾಗದು. ಚಿತ್ರದ ಹಾಳೆ ಬೇರೆಯೇ ಅಚ್ಚಾಗಿ, ಹೊಲಿಯುವ ಮುನ್ನ ಫಾರಂಗಳ (ಒಂದು ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗಿ ಮಡಿಸಿದ ಪುಟಗಳ ಕಂತೆ) ನಡುವೆ ಸೇರುತ್ತಿತ್ತು. 16 ಪುಟದ ಫಾರಂ ಆದರೆ ಚಿತ್ರ ಬರಲು ಸಾಧ್ಯವಿರುವ ಸುಲಭದ ಜಾಗ 16ನೇ ಪುಟದ ನಂತರ, 32ರ ನಂತರ, 48ರ ನಂತರ. ಅಲ್ಲಮಪ್ರಭು ಮಾಯಾದೇವಿಯನ್ನು ಬಿಟ್ಟು ಹೊರಡುವ ಕಥೆ ಒಂದು ಕಡೆ, ಅದರ ಚಿತ್ರ ಎಷ್ಟೋ ಪುಟ ಆಚೆ ಇರುವುದು ಇದೇ ಕಾರಣಕ್ಕೆ. ಚಿತ್ರದ ಕೆಳಗೆ ಪುಟಸಂಖ್ಯೆ ಕೊಟ್ಟು ‘ನೋಡಿ’ ಎಂದು ಹಾಕುತ್ತಿದ್ದದ್ದೂ ಇದಕ್ಕೇ. ಮುಖಚಿತ್ರದ, ಅಂದರೆ ಶೀರ್ಷಿಕೆ ಪುಟದ ಎದುರಿನ ಚಿತ್ರದ ಹಾಳೆಯನ್ನಂತೂ ಮೂರ್ನಾಲ್ಕು ಮಿಲಿಮೀಟರ್ ಅಂಟಿನಲ್ಲಿ ಹಚ್ಚಿರುತ್ತಾರೆ. ಅಂಟು ಒಣಗಿದರೆ ಹಾಳೆ ಬಿಡುತ್ತದೆ, ಅದಕ್ಕೆ ಪುಟಸಂಖ್ಯೆ ಇರುವುದಿಲ್ಲವಾದ್ದರಿಂದ ಹೋದದ್ದು ಗೊತ್ತೂ ಆಗುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಮುಖಚಿತ್ರವೇ ಇರಲಿಲ್ಲ ಎನ್ನುವ ಮುನ್ನ ಶೀರ್ಷಿಕೆ ಪುಟದ ಎಡಗಡೆ ಹೊಲಿಗೆಯ ಪಕ್ಕ ಹಳದಿ ಅಂಟಿನ ಪಟ್ಟಿ ಇದೆಯೇ ನೋಡಿ.

ಬ್ಲಾಕಿನ ದರ ಚದರ ಇಂಚಿನ ಲೆಕ್ಕ. 3×4 ಇಂಚಿನ ಚಿತ್ರ 12 ಚದರ ಇಂಚು; ಅದನ್ನೇ ಪುಟ ತುಂಬುವ 4×6ಕ್ಕೆ ಏರಿಸಿದರೆ 24, ದುಡ್ಡೂ ಎರಡರಷ್ಟು. ಸಣ್ಣ ಪ್ರಕಾಶಕರ ಪುಸ್ತಕಗಳಲ್ಲಿ ದೇವರು ಅಂಗೈಯಷ್ಟೇ ಇರುವುದು ಅದಕ್ಕೆ. ಒಮ್ಮೆ ಮಾಡಿಸಿದ ಬ್ಲಾಕನ್ನು ಪ್ರೆಸ್ಸಿನವರು ಇಟ್ಟುಕೊಂಡು ಬೇರೆ ಪುಸ್ತಕಕ್ಕೂ ಹಾಕುತ್ತಿದ್ದರು. ಎರಡು ಪುಸ್ತಕದ ಚಿತ್ರ ಒಂದೇ ಬ್ಲಾಕಿನವೇ ಎಂದು ಹೇಳಲು ಗಾಯ ನೋಡಬೇಕು: ಚೌಕಟ್ಟಿನ ಮುರಿದ ಮೂಲೆ, ಒಂದೇ ಜಾಗದ ಗೀರು, ಹಲಗೆಗೆ ಹೊಡೆದ ಮೊಳೆ ಮೇಲೆದ್ದು ಅಂಚಿನಲ್ಲಿ ಬಿದ್ದ ದುಂಡು ಕಪ್ಪು ಚುಕ್ಕಿ. ಗಾಯ ಹೆಚ್ಚಿರುವುದು ನಂತರದ ಮುದ್ರಣ. ಇಸವಿ ಇಲ್ಲದ ಪುಸ್ತಕಗಳನ್ನು ಕಾಲಕ್ರಮದಲ್ಲಿ ಜೋಡಿಸಲು ಇದಕ್ಕಿಂತ ನಂಬಿಕೆಯ ದಾರಿ ಕಡಿಮೆ.

ಕಪ್ಪು ಹಾಸಿನ ಸಮಸ್ಯೆ ಇನ್ನೊಂದು. ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ ಸಣ್ಣ ಗೆರೆಗೆ ಚೆನ್ನಾಗಿ ಒತ್ತುತ್ತದೆ. ಅಗಲವಾದ ಕಪ್ಪಿಗೆ ಅದರ ಒತ್ತಡ ಸಾಲದು, ನಡುವೆ ಬಿಳಿ ಮರಳು ಉದುರಿದಂತೆ ಕಾಣುತ್ತದೆ. ಶಾಯಿ ಹೆಚ್ಚಿಸಿದರೆ ಒಣಗದೆ ಎದುರಿನ ಪುಟಕ್ಕೆ ಹತ್ತುತ್ತದೆ. ಅಕ್ಕಮಹಾದೇವಿಯ ಚಿತ್ರ ಬರೆಯುವವರಿಗೆ ಇದು ನೇರವಾಗಿ ತಟ್ಟುವ ಮಾತು. ಕೇಶವೇ ಉಡುಗೆಯಾದವರು ಅಕ್ಕ. ಆ ಕೇಶರಾಶಿಯನ್ನು ಕಪ್ಪಾಗಿ ತುಂಬಿದರೆ ಅಚ್ಚು ಕೆಡುತ್ತದೆ. ಒಂದರ ಪಕ್ಕ ಒಂದು ಎಳೆ ಎಳೆಯಾಗಿ ಗೆರೆ ಹಾಕಿ, ನಡುವೆ ಬಿಳಿ ಬಿಟ್ಟರೆ ಶಾಯಿಯೂ ನಿಲ್ಲುತ್ತದೆ, ಕೂದಲು ಹರಿದಂತೆಯೂ ಕಾಣುತ್ತದೆ. ಲೈನ್ ಬ್ಲಾಕಿನ ಅಕ್ಕ ಬಣ್ಣದ ಕ್ಯಾಲೆಂಡರಿನ ಅಕ್ಕನಿಗಿಂತ ಗಂಭೀರವಾಗಿ, ಹೆಚ್ಚು ಒಂಟಿಯಾಗಿ ಕಾಣುತ್ತಾರೆ ಎಂದು ನಮ್ಮ ಅಭಿಪ್ರಾಯ. ಅದರಲ್ಲಿ ಸತುವಿನ ತಗಡಿಗೂ ಪಾಲಿದೆ.

ಎಡ ಬಲ ತಪ್ಪಿದರೆ

ಧಾರ್ಮಿಕ ಚಿತ್ರದಲ್ಲಿ ಆಗುವ ಅತಿ ದೊಡ್ಡ ತಪ್ಪು ಬಹಳ ಸದ್ದಿಲ್ಲದೆ ಆಗುತ್ತದೆ. ಬ್ಲಾಕ್ ಮಾಡುವಾಗ ಫಿಲ್ಮನ್ನು ತಿರುವಿ ಹಾಕಬೇಕು. ಮರೆತರೆ ಚಿತ್ರ ಕನ್ನಡಿಯ ಬಿಂಬವಾಗಿ ಅಚ್ಚಾಗುತ್ತದೆ. ಈಗ ಕಂಪ್ಯೂಟರಿನಲ್ಲಿ ಇದನ್ನು ಬೇಕೆಂದೇ ಮಾಡುತ್ತಾರೆ, ಮುಖ ಪುಸ್ತಕದ ಒಳಗಡೆ ನೋಡಲಿ ಎಂದು. ನಿಸರ್ಗದ ಚಿತ್ರವಾದರೆ ಅಡ್ಡಿಯಿಲ್ಲ. ದೇವರ ಚಿತ್ರದಲ್ಲಿ ಎಡ ಬಲವೇ ಅರ್ಥ.

ಇದಕ್ಕೆ ಹರಿಹರಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. 1224ರ ಹೊತ್ತಿಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಇಲ್ಲಿ ಬಲ ಎಂದರೆ ಮೂರ್ತಿಯ ಬಲ, ನೋಡುವವರಿಗೆ ಎಡಗಡೆ. ಚಿತ್ರ ತಿರುಗಿದರೆ ಹರಿ ಹರರು ಜಾಗ ಬದಲಿಸುತ್ತಾರೆ. ಅರ್ಧನಾರೀಶ್ವರನಿಗೂ ಹಾಗೇ. ಶರಣರ ಚಿತ್ರದಲ್ಲಿ ಇಷ್ಟಲಿಂಗ ಎಡ ಅಂಗೈಯಲ್ಲಿರಬೇಕು, ಬಲಗೈ ಪೂಜೆಗೆ. ತಿರುಗಿದ ಚಿತ್ರದಲ್ಲಿ ಲಿಂಗ ಬಲಗೈಗೆ ಬರುತ್ತದೆ. ಎಡಮುರಿ ಗಣಪ ಬಲಮುರಿಯಾಗುತ್ತಾನೆ. ಅನುಮಾನ ಬಂದರೆ ಎರಡು ಗುರುತು ಸಾಕು: ಜನಿವಾರ ಎಡ ಹೆಗಲಿನಿಂದ ಇಳಿಯಬೇಕು, ಸೀರೆಯ ಸೆರಗು ಸಾಮಾನ್ಯವಾಗಿ ಎಡ ಹೆಗಲ ಮೇಲಿರುತ್ತದೆ. ಎರಡೂ ಬಲಕ್ಕಿದ್ದರೆ ಚಿತ್ರ ತಿರುಗಿದೆ.

ಬಸವಣ್ಣನವರ ಮುಖ

12ನೇ ಶತಮಾನದ ಬಸವಣ್ಣನವರನ್ನು ಎದುರು ಕೂರಿಸಿಕೊಂಡು ಬರೆದ ಚಿತ್ರ ಇಲ್ಲ. ನಾವು ನೋಡುವ ಮುಖಗಳೆಲ್ಲ ಮುಂದಿನವರು ಕಲ್ಪಿಸಿಕೊಂಡವು. ಪುರಾಣದ ಬಸವಣ್ಣ ನಂದಿಯ ಅವತಾರ, ಬಿಜ್ಜಳನ ಮಂತ್ರಿ. ಆ ಕಥೆ ಹಿಡಿದವರು ಕಿರೀಟ, ಆಭರಣ, ಸಿಂಹಾಸನ ಬರೆದರು. ವಚನದ ಬಸವಣ್ಣನನ್ನು ಹಿಡಿದವರು ಅಂಗೈಯಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ ಬರೆದರು. ಪುಸ್ತಕದಲ್ಲಿ ಯಾವ ಬಸವಣ್ಣ ಇದ್ದಾರೆ ಎಂಬುದರಿಂದ ಪ್ರಕಾಶಕರು ಯಾವ ಪರಂಪರೆಯನ್ನು ಮುಂದಿಡುತ್ತಿದ್ದಾರೆ ಎಂಬುದು ತಿಳಿಯುತ್ತದೆ.

ಈ ಬದಲಾವಣೆಯಲ್ಲಿ ದಾವಣಗೆರೆಗೆ ದೊಡ್ಡ ಸ್ಥಾನವಿದೆ. ಇಲ್ಲಿನ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಹರ್ಡೇಕರ್ ಮಂಜಪ್ಪನವರು 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದರು. ಮಠದ ಒಳಗಿನ ಪೂಜೆಗೆ ಲಿಂಗ ಸಾಕು, ಗದ್ದುಗೆ ಸಾಕು. ಬೀದಿಯ ಮೆರವಣಿಗೆಗೆ ದೂರದಿಂದಲೇ ಗುರುತು ಹಿಡಿಯುವ ಒಂದು ಮುಖ ಬೇಕಾಗುತ್ತದೆ. ಫ.ಗು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ಬಂದದ್ದು 1923ರಲ್ಲಿ. ಅವರು ವಿಜಯಪುರದಲ್ಲಿ ಸ್ವಂತ ಅಚ್ಚುಕೂಟ ಇಟ್ಟದ್ದು ಅದರ ನಂತರ. ಜಯಂತಿಯ ಬೀದಿಯೂ ವಚನದ ಅಚ್ಚುಕೂಟವೂ ಹೀಗೆ ಒಂದೇ ಕಾಲಘಟ್ಟದಲ್ಲಿ ಕೂಡಿಕೊಂಡವು. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿ ಕಚೇರಿಗಳಲ್ಲಿ ಭಾವಚಿತ್ರ ಇಡಲು ಹೇಳಿದಾಗ, ಆ ಭಾವಚಿತ್ರದ ಹಿಂದೆ ನೂರು ವರ್ಷಕ್ಕೂ ಮೀರಿದ ಈ ದಾರಿ ಇತ್ತು.

ಚಿತ್ರದುರ್ಗ, ಹರಿಹರ ಸುತ್ತಲಿನ ಗುರುಪೀಠಗಳನ್ನು ನೋಡಿದರೆ ಮುಂದಿನ ಕಥೆ ಕಾಣುತ್ತದೆ. ಮಾದಾರ ಚನ್ನಯ್ಯ, ಮಡಿವಾಳ ಮಾಚಿದೇವ, ಸಿದ್ಧರಾಮೇಶ್ವರರ ಹೆಸರಿನ ಪೀಠಗಳು ಚಿತ್ರದುರ್ಗದಲ್ಲಿವೆ; ವಾಲ್ಮೀಕಿ ಗುರುಪೀಠ ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿದೆ. ಹಳೆಯ ಪುರಾಣಗಳ ಗುಂಪುಚಿತ್ರದಲ್ಲಿ ಈ ಶರಣರು ಅಂಚಿನಲ್ಲಿ ಕೈಮುಗಿದು ನಿಂತಿರುತ್ತಿದ್ದರು, ಕೈಯಲ್ಲಿನ ಕಸುಬಿನ ಗುರುತಿನಿಂದ ಮಾತ್ರ ಇವರು ಯಾರೆಂದು ತಿಳಿಯುತ್ತಿತ್ತು: ಮಾಚಿದೇವರಿಗೆ ಬಟ್ಟೆಯ ಗಂಟು, ಅಂಬಿಗರ ಚೌಡಯ್ಯನವರಿಗೆ ಹುಟ್ಟು, ಹರಳಯ್ಯನವರಿಗೆ ಪಾದರಕ್ಷೆ. ಸಮುದಾಯಗಳು ತಮ್ಮದೇ ಪುಸ್ತಕ ತಂದಾಗ ಅದೇ ಶರಣರು ನಡುವೆ ಬಂದು ಕೂತರು, ಎದುರು ನೋಡಿದರು. ಕಸುಬಿನ ಗುರುತು ಕೆಲವರು ಉಳಿಸಿಕೊಂಡರು, ಕೆಲವರು ತೆಗೆದು ಕೈಗೆ ವಚನದ ಕಟ್ಟು ಕೊಟ್ಟರು. ಎರಡೂ ಯೋಚಿಸಿ ಮಾಡಿದ ಆಯ್ಕೆಗಳೇ, ಎರಡಕ್ಕೂ ಗೌರವ ಸಲ್ಲಬೇಕು.

ಇಲ್ಲಿ ಚಿತ್ರಕಾರರಿಗೆ ಒಂದು ಮಾತು. ವಾಲ್ಮೀಕಿ ಮಹರ್ಷಿ ಓಲೆಗರಿಯ ಮೇಲೆ ನವಿಲುಗರಿಯಿಂದ ಬರೆಯುವ ಚಿತ್ರ ಎಲ್ಲೆಡೆ ಇದೆ. ನಮ್ಮ ಕಡೆ ಗರಿಯ ಮೇಲೆ ಬರೆಯುತ್ತಿದ್ದದ್ದು ಕಬ್ಬಿಣದ ಕಂಠದಿಂದ. ಗರಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಕಂಠ ಹಿಡಿದು ಕೊರೆಯುತ್ತಿದ್ದರು. ಹಕ್ಕಿಯ ಪುಕ್ಕದ ಲೇಖನಿ ಯುರೋಪಿನ ಚಿತ್ರಗಳಿಂದ ಬಂದದ್ದು. ಹಾಗೆಯೇ ಬಸವಣ್ಣನವರ ಕೈಗೆ ರಟ್ಟು ಹಾಕಿದ ಕಾಗದದ ಪುಸ್ತಕ ಕೊಡುವ ಬದಲು, ಎರಡು ಮರದ ಹಲಗೆಯ ನಡುವೆ ದಾರ ಸುತ್ತಿದ ಓಲೆಯ ಕಟ್ಟು ಕೊಟ್ಟರೆ ಕಾಲಕ್ಕೆ ಹೊಂದುತ್ತದೆ.

ದುಡ್ಡು ಯಾರದು

ಮಠದ ಪುಸ್ತಕಗಳ ಮೊದಲ ಪುಟಗಳಲ್ಲಿ ಗ್ರಂಥ ದಾಸೋಹಿಗಳ, ಅಂದರೆ ಅಚ್ಚಿಗೆ ದುಡ್ಡು ಕೊಟ್ಟವರ ಫೋಟೊ ಇರುತ್ತದೆ. ಅಡಿಕೆ ಮಂಡಿ, ಹತ್ತಿ ವ್ಯಾಪಾರ, ಗಿರಣಿ, ಕಿರಾಣಿ ಅಂಗಡಿ ಎಂದು ಹೆಸರಿನ ಜೊತೆ ಕಸುಬೂ ಇರುತ್ತದೆ. ಓದುಗರು ಇದನ್ನು ಜಾಹೀರಾತಿನಂತೆ ದಾಟಿಹೋಗುತ್ತಾರೆ. ದಾವಣಗೆರೆಯಂಥ ವ್ಯಾಪಾರದ ಊರಿನ ಸಾಮಾಜಿಕ ಇತಿಹಾಸಕ್ಕೆ ಆ ಪುಟವೇ ದಾಖಲೆ. ಯಾವ ಪುಸ್ತಕದಲ್ಲಿ ದಾಸೋಹಿಯ ಫೋಟೊ ಆರ್ಟ್ ಪೇಪರಿನಲ್ಲಿದ್ದು ಶರಣರ ಚಿತ್ರ ಸಾಮಾನ್ಯ ಕಾಗದದಲ್ಲಿದೆ, ಯಾವುದರಲ್ಲಿ ಅದಕ್ಕೆ ವಿರುದ್ಧ ಎಂದೂ ನೋಡಿ.

ಮುದ್ರಕರ ಸಾಲನ್ನು ಬಿಡಬೇಡಿ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯಿದೆಯಿಂದ ಮುದ್ರಕರ ಹೆಸರು, ಅಚ್ಚಾದ ಊರು ಹಾಕುವುದು ಕಡ್ಡಾಯವಾಯಿತು. ಇಸವಿ ಇಲ್ಲದೆ ಶಕವರ್ಷ ಇದ್ದರೆ 78 ಕೂಡಿಸಿ; ಜನವರಿಯಿಂದ ಯುಗಾದಿಯವರೆಗಿನ ತಿಂಗಳಾದರೆ 79. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಅಚ್ಚಿನ ವಿಧಾನ ನೋಡಿ ಯಾವ ಸುತ್ತು ಎಂದು ನಿರ್ಧರಿಸಬೇಕು. ಚಿತ್ರಕಾರನ ಹೆಸರು ಮಾತ್ರ ಹೆಚ್ಚಿನ ಪುಸ್ತಕಗಳಲ್ಲಿ ಇರುವುದಿಲ್ಲ, ಅಬ್ಬಬ್ಬಾ ಎಂದರೆ ಮೂಲೆಯಲ್ಲೊಂದು ಸಣ್ಣ ಸಹಿ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ, ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ, ಬರೆದವನು ತನ್ನ ಹೆಸರು ಚಪಡ ಎಂದು ಕೆತ್ತಿದ್ದಾನೆ. ಅಂಥ ನೆಲದಲ್ಲಿ ಬ್ಲಾಕಿನ ಕಾಲದ ಚಿತ್ರಕಾರರು ಹೆಸರಿಲ್ಲದೆ ಹೋದದ್ದು ನೋವಿನ ಸಂಗತಿ.

ಭೂತಗನ್ನಡಿ ಹಿಡಿದು ನೋಡುವುದು

10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಒಂದು ಸ್ಕೇಲು, ಓರೆಯಾಗಿ ಬೀಳುವ ಬೆಳಕು ಇದ್ದರೆ ಸಾಕು. ಮೊದಲು ಹಾಳೆಯ ಹಿಂಬದಿ ಬೆರಳಾಡಿಸಿ. ಉಬ್ಬು ಸಿಕ್ಕರೆ ಮೊಳೆ ಅಥವಾ ಬ್ಲಾಕು. ಭೂತಗನ್ನಡಿಯಲ್ಲಿ ನೋಡಿದರೆ ಗೆರೆಯ ಅಂಚಿಗೆ ಶಾಯಿ ಒತ್ತರಿಸಿ ದಟ್ಟವಾಗಿರುತ್ತದೆ. ಉಬ್ಬಿಲ್ಲದೆ ಸಪಾಟಾಗಿದ್ದರೆ ಕಲ್ಲಚ್ಚು ಅಥವಾ ಈಗಿನ ಆಫ್‌ಸೆಟ್. ಚುಕ್ಕಿಗಳು ಅಂಕುಡೊಂಕಾಗಿ, ಕೈಯಿಂದ ಇಟ್ಟಂತಿದ್ದರೆ ಬಣ್ಣದ ಕಲ್ಲಚ್ಚು. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕಿಗಳು ಸಣ್ಣ ಹೂವಿನಂತೆ ಸುತ್ತುಗಟ್ಟಿದ್ದರೆ ಆಫ್‌ಸೆಟ್. ಕಪ್ಪು ಬಿಳುಪಿನ ಹಾಫ್‌ಟೋನ್ ಆದರೆ ಚುಕ್ಕಿಯ ಸಾಲಿನ ದಿಕ್ಕಿಗೆ ಸ್ಕೇಲ್ ಇಟ್ಟು 1 ಸೆಂಟಿಮೀಟರಿನಲ್ಲಿ ಎಣಿಸಿ: ಸುಮಾರು 26 ಬಂದರೆ 65 ಸ್ಕ್ರೀನ್, 33 ಬಂದರೆ 85, 52 ಬಂದರೆ 133. ಕೃಷ್ಣನ ಕೆನ್ನೆಗೆ ಎರಡೆರಡು ಗೆರೆ ಕಂಡರೆ ಒಂದು ಬಣ್ಣದ ಸರದಿಯಲ್ಲಿ ಹಾಳೆ ಸರಿದಿದೆ ಎಂದರ್ಥ.

ಕುಂಕುಮದ ಕಲೆ ಕಂಡರೆ ಒರೆಸಬೇಡಿ. ಯಾವ ಚಿತ್ರಕ್ಕೆ ಪೂಜೆಯಾಯಿತು, ಪಾದಕ್ಕೋ ಹಣೆಗೋ, ಯಾವ ಪುಟ ಹೆಚ್ಚು ಸವೆದಿದೆ ಎಂಬುದೆಲ್ಲ ಓದಿದವರ ದಾಖಲೆ. ಒದ್ದೆ ಬಟ್ಟೆ ತಗುಲಿದರೆ ಅಂಗಡಿ ಕುಂಕುಮದ ಬಣ್ಣ ಹಾಳೆಯ ತುಂಬ ಹರಡಿ ಚಿತ್ರವೇ ಹೋಗುತ್ತದೆ.

ಮತ್ತೆ ಅಚ್ಚು ಹಾಕಿಸುವವರಿಗೆ

ಹರಿದ ಹಾಳೆಗೆ ಸೆಲೋಟೇಪ್ ಹಚ್ಚುವುದು ಅತಿ ಕೆಟ್ಟ ಕೆಲಸ. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಆಮೇಲೆ ತೆಗೆಯಲಾಗದು. ಲ್ಯಾಮಿನೇಶನ್ ಕೂಡ ಬೇಡ. ಶಾಖ ಮತ್ತು ಪ್ಲಾಸ್ಟಿಕ್ ಎರಡೂ ಹಾಳೆಗೆ ಶತ್ರು. ಗೋಧಿ ಪಿಷ್ಟ ಒಂದು ಪಾಲಿಗೆ ನೀರು ನಾಲ್ಕೈದು ಪಾಲು ಹಾಕಿ, ಸಣ್ಣ ಉರಿಯಲ್ಲಿ ಬಿಡದೆ ಕದಡುತ್ತ ಅರ್ಧ ಗಂಟೆ ಬೇಯಿಸಿ, ಆರಿಸಿ, ಸೋಸಿದ ಅಂಟಿನಿಂದ ತೆಳು ಜಪಾನಿ ಟಿಶ್ಯೂ ಪಟ್ಟಿಯನ್ನು ಹಿಂಬದಿಗೆ ಹಚ್ಚಬೇಕು. ಹುಳ ಬಾರದಿರಲೆಂದು ಹಳೆಯ ಬೈಂಡರುಗಳು ಅಂಟಿಗೆ ಮೈಲುತುತ್ತ ಹಾಕುತ್ತಿದ್ದರು. ಹಾಕಬೇಡಿ, ತಾಮ್ರದ ಅಂಶ ಕಾಗದವನ್ನು ಒಳಗಿಂದ ಸುಡುತ್ತದೆ. ಮೊದಲು ಬೇಡದ ಕಾಗದದ ಮೇಲೆ ಅಭ್ಯಾಸ ಮಾಡಿ.

ಸ್ಕ್ಯಾನ್ 600 ಡಿಪಿಐಗೆ (ಇಂಚಿಗೆ 600 ಚುಕ್ಕಿ) ಇಟ್ಟು ಟಿಫ್ ಆಗಿ ಉಳಿಸಿ, ಪಕ್ಕದಲ್ಲಿ ಸ್ಕೇಲ್ ಇರಲಿ, ಹಿಂಬದಿಯನ್ನೂ ತೆಗೆಯಿರಿ. ಹಾಫ್‌ಟೋನ್ ಚಿತ್ರವನ್ನು ಹಾಗೇ ಮತ್ತೆ ಆಫ್‌ಸೆಟ್ಟಿಗೆ ಕೊಟ್ಟರೆ ಹಳೆಯ ಚುಕ್ಕಿಗೂ ಹೊಸ ಚುಕ್ಕಿಗೂ ಜಗಳವಾಗಿ ಮುಖದ ಮೇಲೆ ಅಲೆ ಅಲೆಯ ಜಾಲ ಮೂಡುತ್ತದೆ. ಪರಿಹಾರ ಎರಡು. ಅಳತೆ ಬದಲಾಗುವುದಾದರೆ ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆ ಬಳಸಿ ಚುಕ್ಕಿ ಕರಗಿಸಬೇಕು, ಸ್ವಲ್ಪ ಮಸುಕಾಗುತ್ತದೆ. ಮೂಲದ ಅಳತೆಯಲ್ಲೇ ಹಾಕುವುದಾದರೆ 1200 ಡಿಪಿಐನಲ್ಲಿ ಬರೀ ಕಪ್ಪು ಬಿಳುಪಿನ ಗೆರೆಚಿತ್ರವಾಗಿ ಸ್ಕ್ಯಾನ್ ಮಾಡಿ, ಒಂದು ಮಿಲಿಮೀಟರೂ ಹಿಗ್ಗಿಸದೆ ಕುಗ್ಗಿಸದೆ ಹಾಕಿದರೆ ಹಳೆಯ ಚುಕ್ಕಿಗಳೇ ಉಳಿಯುತ್ತವೆ. ನಾವು ಎರಡನೆಯದನ್ನೇ ಹೇಳುತ್ತೇವೆ. ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. 5×7 ಇಂಚಿನ ಬಣ್ಣದ ಚಿತ್ರಕ್ಕೆ 300 ಡಿಪಿಐ ಲೆಕ್ಕದಲ್ಲಿ ಕನಿಷ್ಠ 1500×2100 ಪಿಕ್ಸೆಲ್ ಬೇಕು.

ಪ್ರೆಸ್ಸಿಗೆ ಕಳಿಸುವ ಮುನ್ನ ಪ್ರೂಫಿನಲ್ಲಿ ಲಿಂಗ ಯಾವ ಕೈಯಲ್ಲಿದೆ, ಜನಿವಾರ, ಸೆರಗು ಯಾವ ಹೆಗಲ ಮೇಲಿವೆ ಎಂದು ಇನ್ನೊಮ್ಮೆ ನೋಡಿ. ಚಿತ್ರದ ಕೆಳಗೆ ಎರಡು ಸಾಲು ಸೇರಿಸಿ: ಮೂಲ ಯಾವ ಪುಸ್ತಕದ್ದು, ಅಚ್ಚಾದ ಊರು, ಮುದ್ರಕರು, ಇಸವಿ ಅಥವಾ ಸಂವತ್ಸರ, ಬ್ಲಾಕಿನ ಅಳತೆ ಮತ್ತು ಬಗೆ, ಮೂಲೆಯಲ್ಲಿ ಸಹಿ ಇದ್ದರೆ ಆ ಚಿತ್ರಕಾರನ ಹೆಸರು.